ನಾಲ್ಕನೆಯವರಿಗೆ ಕೆಲಸ ಕಲಿಸಲು ಒಪ್ಪದ ಹೊಳೆವ್ವ

ಬೆಳಗಿನ ಆರು ಗಂಟೆ. ಜಮಖಂಡಿ ಬಸ್ ನಿಲ್ದಾಣದ ಹಿಂದಿನ ಹೋಟೆಲ್‌ನ ಎರಡನೇ ಮಹಡಿಯಲ್ಲಿ ಹೊಳೆವ್ವ ಚಾದರವೊಂದರ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಾರೆ. ‘ಇನ್ನ ನಾಕ್ ಸಲ ಒಗದ್ರ ಜಾಳ ಜಾಳ ಆಗ್ತೈತಿ’ ಎಂದು ಪಕ್ಕಕ್ಕಿಡುತ್ತಾರೆ. ಬನಹಟ್ಟಿಯ ನೇಕಾರರ ಮನೆಯವರು. ಬಟ್ಟೆಯ ಆಯುಷ್ಯ ಅವರ ಬೆರಳಿಗೇ ತಿಳಿಯುತ್ತದೆ. ಕೆಳಗೆ ಕೌಂಟರಿನಲ್ಲಿ ಸಕ್ಕರೆ ಕಾರ್ಖಾನೆಯ ಅಧಿಕಾರಿಯೊಬ್ಬರು ಮ್ಯಾನೇಜರ್ ಎಲ್ಲಿ ಎಂದು ಕೇಳುತ್ತಿದ್ದಾರೆ. ಹೊಳೆವ್ವ ಇಳಿದು ಬಂದು ‘ಹೇಳ್ರಿ ಸರ’ ಎಂದ ಮೇಲೂ ಅವರ ಕಣ್ಣು ಮ್ಯಾನೇಜರನ್ನು ಹುಡುಕುತ್ತದೆ.

ನಲವತ್ತು ಕೋಣೆ, ಇಪ್ಪತ್ತಾರು ಕೆಲಸಗಾರರು, ಲಗ್ನದ ದಿನಗಳಲ್ಲಿ ಮುನ್ನೂರು ಊಟ. ಇದನ್ನೆಲ್ಲ ನಡೆಸುವ ನಲವತ್ತೇಳರ ಈ ಹೆಂಗಸು ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಪವರ್‌ಲೂಮಿನಲ್ಲಿ ಗಂಡ ಸುಭಾಷ್ ಒಬ್ಬರ ದುಡಿಮೆ ಮನೆಗೆ ಸಾಲುತ್ತಿರಲಿಲ್ಲ. ಗುಡಿಸುವಲ್ಲಿಂದ ಮ್ಯಾನೇಜರ್ ಕುರ್ಚಿಯವರೆಗೆ ಹೇಗೆ ಬಂದಿರಿ ಎಂದು ಕೇಳಿದರೆ ಮೊದಲು ನಗುತ್ತಾರೆ.

ಹತ್ತು ವರ್ಷಕ್ಕೆ ಸೂಪರ್‌ವೈಸರ್ ಆದವರು ಅಲ್ಲೇ ನಿಂತುಬಿಟ್ಟರು. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಒಬ್ಬರ ಹಿಂದೊಬ್ಬರು ಮೂವರು ಮ್ಯಾನೇಜರ್‌ಗಳು ಬಂದರು. ಯಾವ ಕೋಣೆಯ ನಲ್ಲಿ ಸೋರುತ್ತದೆ, ಯಾವ ಗಿರಾಕಿಗೆ ಚಹಾದಲ್ಲಿ ಸಕ್ಕರೆ ಬೇಡ ಎಂಬುದರಿಂದ ಹಿಡಿದು ಎಲ್ಲವನ್ನೂ ಅವರಿಗೆ ಕಲಿಸಿದವರು ಹೊಳೆವ್ವ. ಕಲಿತವರು ದೊಡ್ಡ ಊರಿಗೆ ಹೋದರು. ಮೂರು ವರ್ಷದ ಹಿಂದೆ ಮಾಲೀಕ ಪ್ರಹ್ಲಾದರಾವ್ ಮತ್ತೊಬ್ಬರನ್ನು ಹುಡುಕತೊಡಗಿದಾಗ ಹೊಳೆವ್ವ ನೇರ ಅವರೆದುರು ಹೋಗಿ ನಿಂತರು.

‘ಮೂರು ಮಂದಿಗೆ ಕಲಿಸೀನ್ರಿ ಮಾಲಕರ. ನಾಕನೇದವ್ರಿಗೆ ಕಲಿಸಾಂಗಿಲ್ಲ. ಆ ಕೆಲಸ ನನಗ ಕೊಡ್ರಿ, ಇಲ್ಲಾಂದ್ರ ನಾ ಮನಿಗೆ ಹೋಗ್ತೇನಿ.’

ಇಂಗ್ಲಿಷ್ ಬಾರದು, ಕಂಪ್ಯೂಟರ್ ಬಾರದು ಎಂದು ಮಾಲೀಕರು ಹಿಂಜರಿದರು. ಕೊನೆಗೆ ಮೂರು ತಿಂಗಳು ನೋಡೋಣ ಎಂದರು. ಎರಡನೇ ವಾರವೇ ಮುಖ್ಯ ಅಡುಗೆಯವ ದುರಗೇಶ, ಕಸ ಗುಡಿಸುತ್ತಿದ್ದವಳ ಮಾತು ಕೇಳುವುದಿಲ್ಲವೆಂದು ಎದ್ದು ಹೋದ. ಅಂದು ಮಧ್ಯಾಹ್ನ ನೂರಿಪ್ಪತ್ತು ಜನರ ಊಟವಿತ್ತು. ಕೋಣೆ ಗುಡಿಸುವ ಆರು ಹೆಂಗಸರನ್ನು ಕಟ್ಟಿಕೊಂಡು ಹೊಳೆವ್ವ ಒಲೆ ಮುಂದೆ ನಿಂತರು. ಒಂದೂವರೆಗೆ ರೊಟ್ಟಿ, ಎಣಗಾಯಿ, ಮಡಕಿಕಾಳಿನ ಪಲ್ಯ ಬಡಿಸಿಯಾಗಿತ್ತು.

ನಾಲ್ಕನೇ ದಿನ ದುರಗೇಶ ಮರಳಿ ಬಂದ. ಬೈದಿರಾ ಎಂದು ಕೇಳಿದೆ. ಇಲ್ಲವಂತೆ; ಮೊದಲು ಊಟ ಮಾಡು ಎಂದು ಕೂರಿಸಿ, ಆಮೇಲೆ ಕೆಲಸಕ್ಕೆ ಹಚ್ಚಿದರಂತೆ. ‘ಅವನಂಥ ಕೈರುಚಿ ಈ ಊರಾಗ ಯಾರಿಗೂ ಇಲ್ರಿ’ ಎನ್ನುತ್ತಾರೆ.

ಹುದ್ದೆ ಖಾಯಂ ಆದ ದಿನ ಅವರು ಮಾಡಿದ ಮೊದಲ ಬದಲಾವಣೆ ಏನೆಂದು ಕೆದಕಿದೆ. ಒಂಟಿಯಾಗಿ ಬಂದ ಹೆಣ್ಣುಮಕ್ಕಳಿಗೆ ಕೋಣೆ ಇಲ್ಲವೆನ್ನುವ ಹಳೆಯ ರೂಢಿಯನ್ನು ನಿಲ್ಲಿಸಿದ್ದರು. ಈಗ ಪರೀಕ್ಷೆ, ತರಬೇತಿಗೆಂದು ಬರುವ ಶಿಕ್ಷಕಿಯರು, ನರ್ಸ್‌ಗಳು ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ.

ಹೊಳೆವ್ವನಿಗೆ ಕಂಪ್ಯೂಟರ್ ಕಲಿಸಿದವಳು ತೇರದಾಳದ ಸ್ನೇಹಾ. ಇಪ್ಪತ್ತಾರರ ಈಕೆ ಈಗ ಇಲ್ಲೇ ಸಹಾಯಕ ಮ್ಯಾನೇಜರ್. ಮುಂದಿನ ಆಸೆಯೇನು ಎಂದು ಕೇಳಿದರೆ ಹೊಳೆವ್ವ ಕೌಂಟರಿನಲ್ಲಿ ಕುಳಿತ ಆಕೆಯತ್ತ ನೋಡುತ್ತಾರೆ.

‘ಮುಧೋಳದಾಗ ನಮ್ಮ ಮಾಲಕರ ಹೊಸಾ ಹೋಟೆಲ್ ಆಗಾಕತ್ತೈತಿ. ಅದಕ್ಕ ಈಕಿನ್ನ ಮ್ಯಾನೇಜರ್ ಮಾಡ್ರಿ ಅಂತ ಹೇಳೀನಿ. ನನ್ನಂಗ ಹದಿನೇಳು ವರ್ಷ ಕಾಯೂದು ಬ್ಯಾಡ.’