ದ್ರಾಕ್ಷಿ ರಸದ ಜಿಲ್ಲೆ

ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ, ಶೇಂಗಾ ಎಣ್ಣೆಯ ಡಬ್ಬಿಯ ಮಗ್ಗುಲಿಗೆ, ಎರಡು ವಾರದಿಂದ ಒಂದು ವೈನ್ ಬಾಟಲಿ ನಿಂತಿದೆ. ಗಾಬರಿ ಆಗಬೇಡ್ರಿ. ರಾಂಜಣಗಾಂವದ ಕಾರ್ಖಾನೆಯಲ್ಲಿ ನಮ್ಮವರ ಜೊತೆ ಕೆಲಸ ಮಾಡುವವರೊಬ್ಬರು ಫ್ರಾನ್ಸಿಗೆ ಹೋಗಿ ಬಂದರು, ಪ್ರೀತಿಯಿಂದ ತಂದುಕೊಟ್ಟರು. ಮನೆಯಲ್ಲಿ ಕುಡಿಯುವವರಿಲ್ಲ, ಚೆಲ್ಲಲಿಕ್ಕೆ ಮನಸ್ಸಿಲ್ಲ. ಮೊನ್ನೆ ಧೂಳು ಒರೆಸುವಾಗ ಅದರ ಮೇಲಿನ ಚೀಟಿ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿರೋಂದ್’ ಅಂತ ಇತ್ತು. ಅಯ್ಯ, ಇದು ನಮ್ಮ ಸುಮಾಕಾಕುವಿನ ಜಿಲ್ಲೆ!

ಸುಮಾಕಾಕು ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹುಟ್ಟಿದ್ದು ಧಾರವಾಡದಲ್ಲಿ, ಬೆಳೆದದ್ದು ಪುಣೆಯಲ್ಲಿ. ಆ ಜಿಲ್ಲೆಯನ್ನು ಆಕೆ ನಕಾಶೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವಳಲ್ಲ. ಆದರೆ ಸದಾಶಿವ ಪೇಠದ ನಮ್ಮ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ, ಹನ್ನೊಂದನೇ ಹನ್ನೆರಡನೇ ಇಯತ್ತೆಯ ಹುಡುಗ ಹುಡುಗಿಯರಿಗೆ ಫ್ರೆಂಚ್ ಕಲಿಸುತ್ತಿದ್ದಳು. ಫ್ರೆಂಚ್ ತೆಗೆದುಕೊಂಡರೆ ಮಾರ್ಕು ಸುರಿಯುತ್ತವೆ ಅಂತ ಪುಣೆಯ ತಾಯಂದಿರಲ್ಲಿ ಒಂದು ನಂಬಿಕೆ. ಆ ಮಾರ್ಕಿನ ಆಸೆಗೆ ಬಿದ್ದವರಲ್ಲಿ ನಾನೂ ಒಬ್ಬಳು. ಭಾಷೆ ನನಗೆ ಒಲಿಯಲೇ ಇಲ್ಲ ಅನ್ನುವುದು ಬೇರೆ ಮಾತು. ಇವತ್ತಿಗೂ ನನ್ನ ಫ್ರೆಂಚ್ ಕೇಳಿದರೆ ಮರಾಠಿಯವರು ಕನ್ನಡ ಅಂತಾರೆ, ಕನ್ನಡದವರು ಮರಾಠಿ ಅಂತಾರೆ.

ಆ ಕ್ಲಾಸು ಸುಮ್ಮನೆ ಸಿಕ್ಕದ್ದಲ್ಲ. ಮದುವೆಯಾದ ಮೇಲೆ ಎಷ್ಟೋ ವರ್ಷ ಕಾಕು ತನ್ನ ಫ್ರೆಂಚ್ ಪುಸ್ತಕಗಳನ್ನು ಗಾದಿಗಳ ಕೆಳಗೆ ಇಟ್ಟುಕೊಂಡಿದ್ದಳು. ಕಡೆಗೊಮ್ಮೆ ನಮ್ಮ ಅಜ್ಜಿ, ಅಂದರೆ ಆಕೆಯ ಅತ್ತೆ, ಒಪ್ಪಿದರು. ಒಪ್ಪುವಾಗ ಒಂದು ಷರತ್ತು. "ಕಲಿಸವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಇಲ್ಲೇ ಎದುರಿಗೆ ದೇವರ ಮನಿ ಅದ. ಮಾಂಸ, ಹೆಂಡ ಅಂತ ಮಾತು ಬಂದ್ರ ನಾ ಇಲ್ಲೆ ಕೂಡಂಗಿಲ್ಲ ನೋಡು."

ಈಗ ನೀವೇ ಹೇಳ್ರಿ, ಹೆಂಡದ ಹೆಸರೆತ್ತದೆ ಜಿರೋಂದ್ ಜಿಲ್ಲೆಯನ್ನು ಹೇಗೆ ಕಲಿಸುವುದು? ಅಲ್ಲಿರುವುದೇ ಅದು. ಕಾಕು ದಾರಿ ಹುಡುಕಿದಳು. ಪಾಠದಲ್ಲಿ ವೈನ್ ಬಂದಲ್ಲೆಲ್ಲ, ಫ್ರೆಂಚಿನಲ್ಲೂ ಕೂಡ, ‘ದ್ರಾಕ್ಷಿ ರಸ’ ಅಂದಳು. ಬೋರ್ದೋ ಪಟ್ಟಣದ ಬಂದರಿನಿಂದ ಹಡಗುಗಟ್ಟಲೆ ದ್ರಾಕ್ಷಿ ರಸ ಹೊರಟಿತು. ಬಳ್ಳಿಯ ಬೇರಿಗೆ ಹುಳ ಬಿದ್ದು ತೋಟಗಳೆಲ್ಲ ಒಣಗಿ, ಅಮೆರಿಕದ ಬೇರಿಗೆ ಕಸಿ ಕಟ್ಟಿ ಬದುಕಿಸಿದಾಗ, ಲೋಕದ ದ್ರಾಕ್ಷಿ ರಸ ಉಳಿಯಿತು. ಪರೀಕ್ಷೆಯ ಹಿಂದಿನ ದಿನ ಮಾತ್ರ ಹುಡುಗರನ್ನೆಲ್ಲ ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿ, ಮೆಲ್ಲಗೆ ಖರೇ ಶಬ್ದ ಹೇಳಿಕೊಡುವುದು ಆಕೆಯ ಪದ್ಧತಿ. ಪಠ್ಯಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು ಅನ್ನಿ. ಅದನ್ನು ತೆರೆದವರು ಯಾರು? ನಮಗೆ ಕಾಕು ಅಂದದ್ದೇ ವೇದ.

ಅಜ್ಜಿ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಇಂಗ್ಲಿಷ್, ಫ್ರೆಂಚ್ ಅವರಿಗೆ ಬಾರದು. ಆದರೆ ಕಾಕು ಭೂಗೋಳ, ಇತಿಹಾಸ ಬಂದಾಗ ಮರಾಠಿಯಲ್ಲಿ, ನನ್ನಂಥ ದಡ್ಡಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. "ಗರೊನ್ ಒಂದು ಹೊಳಿ, ದೋರ್ದೋನ್ ಇನ್ನೊಂದು. ಬೋರ್ದೋ ದಾಟಿದ ಮ್ಯಾಲ ಎರಡೂ ಕೂಡ್ತಾವ. ಕೂಡಿದ ಕೂಡಲೆ ಇಬ್ಬರೂ ತಮ್ಮ ತಮ್ಮ ಹೆಸರು ಬಿಡ್ತಾರ. ಅಲ್ಲಿಂದ ಸಮುದ್ರದ ತನಕ ಹೊಸ ಹೆಸರು, ಜಿರೋಂದ್. ಜಿಲ್ಲೆಗೂ ಅದೇ ಹೆಸರು."

ಬತ್ತಿ ಹೊಸೆಯುವ ಕೈ ನಿಂತಿತು. "ನಮ್ಮ ಮಲಪ್ರಭಾ ಕೃಷ್ಣಾದಾಗ ಕೂಡಿ ತನ್ನ ಹೆಸರು ಕಳಕೊಂಡಳು. ಇಲ್ಲಿ ಮುಳಾ ಮುಠಾ ಹೊಳಿ ಕೂಡಿದ್ರೂ ಇಬ್ಬರೂ ಹೆಸರು ಬಿಡಲಿಲ್ಲ, ಪುಣೇದವರು ಹಂಗs. ಇಬ್ಬರೂ ಬಿಟ್ಟಾರಂದ್ರ ಭಾಳ ಚಲೋ ಮಂದಿ ಬಿಡು ಅವರು." ಅವತ್ತಿನಿಂದ ಅಜ್ಜಿಗೆ ಆ ಜಿಲ್ಲೆಯ ಮೇಲೆ ಒಂದು ಮಮತೆ. ಕಡಲ ದಂಡೆಯ ಉಸುಕು ಊರೊಳಗೆ ಬರದಂತೆ ಪೈನ್ ಗಿಡ ಹಚ್ಚಿದ್ದು ಕೇಳಿ "ಶಾಣ್ಯಾರು" ಅಂದರು. ಆ ಸೀಮೆಯ ಒಡತಿಯೊಬ್ಬಳು ಫ್ರಾನ್ಸಿನ ರಾಜನನ್ನು ಬಿಟ್ಟು, ಮುಂದೆ ಇಂಗ್ಲಂಡಿನ ದೊರೆಯಾಗುವವನ ಕೈಹಿಡಿದಳು. ತವರಿನ ಸೀಮೆಯೂ ಅವಳ ಹಿಂದೆ ಹೋಗಿ ಮುನ್ನೂರು ವರ್ಷ ಇಂಗ್ಲಿಷರ ಕೈಯಲ್ಲಿತ್ತು, ಅದರ ಸಲುವಾಗಿ ಎರಡೂ ದೇಶ ತಲೆಮಾರುಗಟ್ಟಲೆ ಬಡಿದಾಡಿದವು. ಆ ಪಾಠದ ದಿನ ಅಜ್ಜಿ ಸಂಜೆಯ ದೀಪ ಹಚ್ಚುವುದನ್ನೇ ಮರೆತು ಕೂತಿದ್ದರು.

ನಾನು ಕ್ಲಾಸಿಗೆ ಸೇರಿದ ಮೊದಲ ವರ್ಷ ಪರೀಕ್ಷೆಯ ಹೊತ್ತಿಗೆ ಕಾಕು ಜ್ವರ ಬಂದು ಮಲಗಿದಳು. ಮೆಟ್ಟಿಲ ಮೇಲಿನ ಪಾಠ ತಪ್ಪಿತು. ತೋಂಡಿ, ಅಂದರೆ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು, ಜಿರೋಂದ್ ಯಾವುದಕ್ಕೆ ಪ್ರಸಿದ್ಧ ಅಂತ ಕೇಳಿದರು. ಗೊತ್ತಿದ್ದ ಒಂದೇ ಉತ್ತರವನ್ನು ಗಟ್ಟಿಯಾಗಿ ಹೇಳಿದೆ, ದ್ರಾಕ್ಷಿ ರಸ. ಅವರು ಕನ್ನಡಕ ಕೆಳಗಿಳಿಸಿ ನೋಡಿದರು. ನನ್ನ ಹಿಂದಿನವಳೂ ದ್ರಾಕ್ಷಿ ರಸ ಅಂದಳು. ಅವಳ ಹಿಂದಿನವನೂ ಅಷ್ಟೇ. ಪರೀಕ್ಷಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ, ಕಾಲೇಜಿಗೆಲ್ಲ ಸುದ್ದಿಯಾಯಿತು.

ಮರುದಿನ ನನ್ನ ಗೆಳತಿಯ ತಾಯಿ ಇನ್ನಿಬ್ಬರನ್ನು ಕರೆದುಕೊಂಡು ಮನೆಗೇ ಬಂದರು. ಫ್ರಾನ್ಸಿನಲ್ಲಿ ವೈನ್ ಮಾಡುತ್ತಾರೆ ಅಂತ ಗೊತ್ತಿಲ್ಲದವರು ಫ್ರೆಂಚ್ ಏನು ಕಲಿಸುತ್ತೀರಿ, ನಾಳೆಯಿಂದ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಅಂದರು. ಕಾಕು ಶಾಲು ಹೊದ್ದು ನಿಂತಿದ್ದಳು. ಖರೇ ಸಂಗತಿ ಹೇಳಿದರೆ ಹೊರಗಿನವರ ಮುಂದೆ ಅತ್ತೆಯ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕ್ಲಾಸು ಹೋಗುತ್ತದೆ. ಆ ಕ್ಲಾಸು ಆಕೆಯ ಜೀವ ಅಂತ ನನಗೆ ಗೊತ್ತಿತ್ತು. ಆದರೂ ಆಕೆ, ಚಹಾ ಇಡುತ್ತೇನೆ ಅಂತ ಅಡಿಗೆಮನೆಯ ಕಡೆ ತಿರುಗಿದಳು. ನನಗೆ ಅಳುವೇ ಬಂತು.

ಆಗ ಬಾಗಿಲ ಹತ್ತಿರದಿಂದ ಅಜ್ಜಿ ಬಾಯಿ ಹಾಕಿದರು. ಅವರ ಮರಾಠಿಯಲ್ಲೂ ಧಾರವಾಡದ್ದೇ ರಾಗ, ಹಾಗಾಗಿ ನಮ್ಮ ಮಾತಿನಲ್ಲೇ ಹೇಳುತ್ತೇನೆ. "ಆಕೀಗೆ ಎಲ್ಲಾ ಗೊತ್ತದರೀ. ನನ್ನ ಸಲುವಾಗಿ ರಸಾ ಅಂತಾಳ. ಬರೇ ದ್ರಾಕ್ಷಿ ರಸದ ಊರಿನ ಸಲುವಾಗಿ ಇಂಗ್ಲಂಡದವರು ಅಷ್ಟು ವರ್ಷ ಬಡದಾಡ್ತಾರೇನು? ಅದು ಹೆಂಡ. ನೋಡ್ರಿ, ದೇವರ ಮನಿ ಮುಂದ ನಾನs ಅಂದೆ. ಆತಲ್ಲ? ನಾಳಿಯಿಂದ ಆಕೀನೂ ಅಂತಾಳ. ಹುಡುಗ್ರನ್ನ ಕಳಸ್ರಿ."

ಬಂದವರು ಚಹಾ ಕುಡಿದು ಹೋದರು, ಹುಡುಗರೂ ಬಂದರು. ಮರುದಿನ ಕಾಕು ಮೊದಲ ಸಲ ಆ ಶಬ್ದವನ್ನು ಹಾಲ್‌ನಲ್ಲಿ ಅಂದಾಗ ನಾವೆಲ್ಲ ಕತ್ತು ತಿರುಗಿಸಿ ಅಜ್ಜಿಯ ಕಡೆ ನೋಡಿದೆವು. ಅಜ್ಜಿ ತಲೆ ಎತ್ತದೆ, "ಎಷ್ಟು ವರ್ಷದ ತನಕ ಕೆಡಂಗಿಲ್ಲಂತ ಅದು?" ಅಂದರು.

ಈ ಕಥೆಯನ್ನು ನಾನು ಇಷ್ಟು ವರ್ಷ ಮದುವೆ ಮುಂಜಿವೆಗಳಲ್ಲಿ ಹೇಳಿ ಮಂದಿಯನ್ನು ನಗಿಸಿದ್ದೇನೆ. ಪಾಪ, ಕಾಕು ಅತ್ತೆಗೆ ಹೆದರಿ ಹೆಂಡವನ್ನು ರಸ ಮಾಡಿದ್ದಳು ಅನ್ನುವುದೇ ಅದರ ಗಮ್ಮತ್ತು. ಅಜ್ಜಿ ತೀರಿಕೊಂಡು ಬಹಳ ದಿನವಾಯಿತು. ಕಾಕು ಈಗಲೂ ಅದೇ ಹಾಲ್‌ನಲ್ಲಿ ಕಲಿಸುತ್ತಾಳೆ. ಮೊನ್ನೆ ತಡೆಯದೆ ಫೋನು ಮಾಡಿದೆ. "ಕಾಕು, ಅಜ್ಜಿಗೆ ಮೊದಲಿಂದಲೂ ಗೊತ್ತಿತ್ತು ಅಂತ ನಿನಗೆ ಗೊತ್ತಿತ್ತೇನು?"

"ಗೊತ್ತಿಲ್ಲದ ಏನವಾ? ಅವರು ಭಾಳ ಶಾಣ್ಯಾ ಇದ್ರು."

"ಮತ್ತ ಅಷ್ಟು ವರ್ಷ ಯಾಕ ರಸಾ ರಸಾ ಅಂದಿ? ಅಷ್ಟು ಹೆದರಿಕಿ ಇತ್ತೇನು?"

"ಹೆದರಿಕಿ ಅಲ್ಲವಾ," ಅಂದಳು ಕಾಕು. "ಆ ಶಬ್ದ ಅಂದಿದ್ರ, ಇಲ್ಲೆ ಕೂಡಂಗಿಲ್ಲ ಅಂದ ತಮ್ಮ ಮಾತಿಗೆ ಕಟ್ಟುಬಿದ್ದು ಅವರು ತಾವs ಎದ್ದು ಒಳಗ ಹೋಗಬೇಕಾಗ್ತಿತ್ತು. ನೀವೆಲ್ಲಾ ಮಾರ್ಕಿನ ಸಲುವಾಗಿ ಬರ್ತಿದ್ರಿ. ನನ್ನ ಪಾಠಾ ಕೇಳಲಿಕ್ಕಂತ ಕೂಡವರು ಅವರೊಬ್ಬರs ಇದ್ರು."