ಮೇವಿಸ್ ಹೊದಿಸಿದ ಮರಜರಿ

ಮೇವಿಸ್ ಪ್ರೋಬರ್ಟ್ ಯಾವುದನ್ನೂ ಚಳಿಗೆ ತೆರೆದಿಟ್ಟವಳಲ್ಲ. ಲೆಮ್‌ಸ್ಟರ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ, ಮದುವೆಯಾಗದ ಆ ಹೆಂಗಸು ಚಹಾದ ಪಾತ್ರೆಗೆ ಉಣ್ಣೆಯ ಟೊಪ್ಪಿಗೆ, ಬೇಯಿಸಿದ ಮೊಟ್ಟೆಗೆ ಪುಟ್ಟ ಕುಲಾವಿ, ಬಿಸಿನೀರಿನ ಚೀಲಕ್ಕೆ ಅಂಗಿ, ಎಲ್ಲವನ್ನೂ ತಾನೇ ಹೆಣೆದಿದ್ದಳು. ಆ ಬೀದಿಯ ಮನೆಮನೆಯಲ್ಲೂ ಇದ್ದ ರೂಢಿ ಅವಳಲ್ಲಿ ನಿಷ್ಠೆಯಾಗಿತ್ತು.

ಹಿತ್ತಲಿನ ಮರಜರಿ, ಅಂದರೆ ಮರದಂತೆ ಬೆಳೆಯುವ ಜರೀಗಿಡ, ಅವಳ ತಮ್ಮ ಡೆನ್ಜಿಲ್‌ನದು. ಹೆಂಡತಿಯನ್ನು ಮಣ್ಣುಮಾಡಿದ ವರ್ಷ ಅವನು ಬಸ್ಸು ಓಡಿಸುವ ಕೆಲಸ ಬಿಟ್ಟು, ಆ ಗಿಡವನ್ನು ಹೊತ್ತುಕೊಂಡು ಅಕ್ಕನ ಮನೆಗೆ ಬಂದಿದ್ದ. ಎದೆಮಟ್ಟದ ಕಪ್ಪು ಕಾಂಡ, ತುದಿಯಲ್ಲಿ ಕೊಡೆಯಂತೆ ಬಿಚ್ಚುವ ಎಲೆಗಳು. ಇರುವುದು ಒಂದೇ ಸುಳಿ. ಅದು ಸತ್ತರೆ ಪಕ್ಕದಿಂದ ಇನ್ನೊಂದು ಒಡೆಯುವುದಿಲ್ಲ. ಮೌನಿಯಾಗಿಬಿಟ್ಟಿದ್ದ ಡೆನ್ಜಿಲ್ ವಸಂತದಲ್ಲಿ ಸುರುಳಿ ಎಲೆಗಳು ಬಿಚ್ಚತೊಡಗಿದಾಗ ಮಾತ್ರ ಹೊರಗೆ ಕುರ್ಚಿ ಹಾಕಿ, ಬಂದು ನೋಡೆಂದು ಅಕ್ಕನನ್ನು ಕರೆಯುತ್ತಿದ್ದ.

ಒಂದು ಶರತ್ಕಾಲದಲ್ಲಿ ಅವನು ಜಾರಿಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ.

"ಸುಳಿಗೆ ಒಣಹುಲ್ಲು ತುಂಬು, ಎಲೆ ಮಡಚಿ ಕಟ್ಟು, ಮೇಲೆ ಬಟ್ಟೆ ಸುತ್ತು," ಎಂದ ಹಾಸಿಗೆಯಿಂದಲೇ. "ಬಿಸಿಲು ಬಂದ ದಿನ ಮಾತ್ರ ಬಿಚ್ಚಿ ಗಾಳಿಯಾಡಿಸ್ಬೇಕು, ಮೇವ್. ಮರೀಬೇಡ."

"ಊರಿನ ಮಕ್ಕಳ ಊಟ ಆರದ ಹಾಗೆ ನೋಡ್ಕೊಂಡೋಳು ನಾನು. ನಂಗೆ ಹೊದಿಸೋದು ಹೇಳ್ಕೊಡ್ತೀಯಾ? ಮೊದ್ಲು ಆ ಸೂಪು ಕುಡಿ."

ಅವಳು ಹುಲ್ಲು ತುಂಬಿದಳು, ಬಟ್ಟೆ ಸುತ್ತಿದಳು. ಅಷ್ಟಕ್ಕೆ ಮನಸ್ಸು ಒಪ್ಪದೆ ಗಾಳಿಗುಳ್ಳೆಗಳ ಪ್ಲಾಸ್ಟಿಕ್ಕು, ಅದರ ಮೇಲೆ ತಾನೇ ಹೆಣೆದ ಕಂಬಳಿ, ಅದು ನೆನೆಯದಂತೆ ಇನ್ನೊಂದು ಪ್ಲಾಸ್ಟಿಕ್ಕು ಬಿಗಿದಳು. ಪಕ್ಕದ ಮನೆಯ ಐವರ್ ಬೆಡೋಸ್ ಬೇಲಿಯ ಮೇಲಿಂದ ಇಣುಕಿದ.

"ಏನ್ ಮೇವಿಸ್, ನಿಮ್ಮ ಶಾಲೆ ಹೆಡ್‌ಮಾಸ್ಟರನ್ನ ಒಳಗೆ ಕಟ್ಟಿ ಹಾಕಿದ್ದೀಯಾ?"

"ನಿನ್ನ ಬಾಯಿಗೆ ತುರುಕೋಕೂ ಒಂದಿಷ್ಟು ಹುಲ್ಲು ಉಳಿದಿದೆ, ಬೆಡೋಸ್."

ಆ ವರ್ಷ ಹಿಮ ಬೀಳಲಿಲ್ಲ. ಮಳೆ ಹಿಡಿಯಿತು, ನಡುನಡುವೆ ಬೆಚ್ಚನೆಯ ಬಿಸಿಲೂ ಬಂತು. ಐವರ್ ಮತ್ತೆ ಕೂಗಿದ. "ತಲೆ ಬಿಚ್ಚಿಡು ಮಾರಾಯ್ತಿ, ಒಳಗೆ ಬೆವರ್ತಿದೆ ಅದು."

"ಬಿಚ್ಚಿದ ಮೇಲೆ ಹಿಮ ಬಿದ್ರೆ ನೀನು ಬಂದು ಅಪ್ಕೊಂಡು ನಿಲ್ತೀಯಾ?"

ಬಿಚ್ಚುವುದೆಂದರೆ ಅವಳ ಲೆಕ್ಕದಲ್ಲಿ ಗಂಡಸರ ಉಡಾಫೆ. ಇತ್ತ ಡೆನ್ಜಿಲ್‌ನ ಎದೆಗೆ ನಂಜೇರಿ ಆಸ್ಪತ್ರೆವಾಸ ಬೆಳೆಯಿತು. ಹೋದಾಗಲೆಲ್ಲ ಅವನದು ಒಂದೇ ಪ್ರಶ್ನೆ. "ಗಾಳಿಯಾಡಿಸಿದ್ಯಾ?"

"ಹೂಂ."

ಹಾಗೆಂದರೆ ಅವನು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದ. ಆದುದರಿಂದ ಅವಳು ಪ್ರತಿಸಲವೂ ಹೂಂಗುಟ್ಟಿದಳು.

ಅವನು ಮನೆಗೆ ಬರುವ ಹಿಂದಿನ ಮಧ್ಯಾಹ್ನ ಅವಳು ಹೊದಿಕೆಯನ್ನು ಬಿಚ್ಚಿದಳು. ಮುಚ್ಚಿಟ್ಟು ಮರೆತ ಎಲೆಕೋಸಿನ ನಾತ ಮುಖಕ್ಕೆ ಹೊಡೆಯಿತು. ಹುಲ್ಲು ಕಪ್ಪಾಗಿ ಅಂಟಿಕೊಂಡಿತ್ತು. ಸುಳಿಯೊಳಗೆ ಇಳಿಸಿದ ಬೆರಳು ತಡೆಯಿಲ್ಲದೆ ಆಳಕ್ಕೆ ಹೋಯಿತು. ಅವಳು ಕೈತೊಳೆದು ಬಂದಳು. ಎಲ್ಲವನ್ನೂ ಮೊದಲಿನಂತೆಯೇ ಸುತ್ತಿ ಬಿಗಿದಳು.

"ಇನ್ನೂ ಚಳಿ ಇದೆ," ಎಂದಳು, ಮನೆಗೆ ಬಂದ ಡೆನ್ಜಿಲ್ ಕಿಟಕಿಯ ಬಳಿ ಕುಳಿತು ಗಿಡ ಯಾವಾಗ ಬಿಚ್ಚುವುದೆಂದು ಕೇಳಿದಾಗ. ಏಪ್ರಿಲ್ ಕಳೆಯಿತು. ಐವರ್‌ನ ಸೇಬಿನ ಗಿಡ ಹೂಬಿಟ್ಟಿತು. "ಇನ್ನೂ ಚಳೀನಾ, ಮೇವ್?" ಎಂದು ಕೇಳಿ ಡೆನ್ಜಿಲ್ ಉತ್ತರಕ್ಕೆ ಕಾಯಲಿಲ್ಲ. ನಡೆಯಲು ಆಸರೆಗೆ ಕೊಟ್ಟಿದ್ದ ಲೋಹದ ಚೌಕಟ್ಟನ್ನು ಹಿಡಿದು ತಾನೇ ಹಿತ್ತಲಿಗೆ ಇಳಿದ.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅವನು ಒಂದೊಂದೇ ಸುತ್ತು ಬಿಚ್ಚಿ, ಕಂಬಳಿಯನ್ನು ಅಂಚು ಕೂಡಿಸಿ ಮಡಚಿಟ್ಟ. ಕೊಳೆತ ಹುಲ್ಲನ್ನು ಹಿಡಿಹಿಡಿಯಾಗಿ ತೆಗೆದ. ಸುಳಿಯಲ್ಲಿ ಕೈಯಿಳಿಸಿ ನೋಡಿದ. ಅವನು ಬೈಯಲೆಂದು ಅವಳು ಕಾದಳು; ಬೈದರೆ ಕೊಡಬೇಕಾದ ಉತ್ತರಗಳೆಲ್ಲ ಅವಳಲ್ಲಿ ಸಿದ್ಧವಿದ್ದವು.

"ಕಂಬಳಿ ಒಗೀಬೇಕು," ಎಂದಷ್ಟೇ ಹೇಳಿ ಅವನು ಒಳಬಂದ.

ಊಟಕ್ಕೆ ಕರೆದಳು. ಬಂದು ಕುಳಿತನೇ ಹೊರತು ಚಮಚ ಮುಟ್ಟಲಿಲ್ಲ.

"ಬೇರೆ ಗಿಡ ತರೋಣ, ಡೆನ್. ಈ ಸಲ ನೀನೇ ನೋಡ್ಕೊಳ್ಳುವಿಯಂತೆ."

"ಯಾರಿಗೋಸ್ಕರ? ಯಾರನ್ನ ಕರೆದು ತೋರಿಸೋಕೆ?" ಎಂದ ಡೆನ್ಜಿಲ್. ಅಷ್ಟು ಹೇಳಿ ತಟ್ಟೆಯನ್ನು ಮೆಲ್ಲನೆ ಅವಳ ಕಡೆಗೆ ಸರಿಸಿದ.