ಕೈ ಅಡ್ಡ ಬರುವವರೆಗೆ

ಮೊನ್ನೆ ಹುಕ್ಕೇರಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹುಡುಗಿಯೊಬ್ಬಳು ಗಾಬರಿಯಿಂದ ಕೂಗಿದಳು. "ಮೇಡಂ, ಹ್ಯಾಂಗ್ ಆಗೇತ್ರಿ!" ಹೋಗಿ ನೋಡಿದರೆ ಹ್ಯಾಂಗೂ ಇಲ್ಲ, ಮಣ್ಣೂ ಇಲ್ಲ. ಕಪ್ಪು ಪರದೆಯ ಮೇಲೆ ಕರ್ಸರ್ ಸುಮ್ಮನೆ ಮಿಣುಕುತ್ತಿತ್ತು.

"ಅದು ನಿನ್ನ ದಾರಿ ಕಾಯಾಕತ್ತೈತಿ. ಸಂಖ್ಯೆ ಕೊಡು."

"ಎಷ್ಟ ಕೊಡಬೇಕ್ರಿ?"

ನನಗೆ ಮೂಡಲಗಿಯ ಗಂಗವ್ವ ಕಾಕಿ ನೆನಪಾದಳು. ನಗಬೇಡಿ. ಸಿ ಭಾಷೆಯಲ್ಲಿ ನನ್ನ ತಲೆಗೆ ಸರಿಯಾಗಿ ಹತ್ತಿದ ಒಂದೇ ಒಂದು ಪಾಠ ಆಕೆ ಕಲಿಸಿದ್ದು.

ಮೂಡಲಗಿಯಲ್ಲಿ ಓದುವಾಗ ನಾನು ಕಾಕಿಯ ಮನೆಯಲ್ಲಿ ಬಾಡಿಗೆಗಿದ್ದೆ. ಊಟ ಅವರ ಜೊತೆಗೇ. ಮೊದಲ ದಿನವೇ ಶಾಣ್ಯಾತನ ತೋರಿಸಲು ಹೋಗಿ, ತಾಟಿನ ಮುಂದೆ ಕೂತವಳೇ "ಕಾಕಿ, ನನಗ ಎರಡ ರೊಟ್ಟಿ ಅಷ್ಟ" ಎಂದೆ. ರೊಟ್ಟಿ ಬಡಿಯುತ್ತಿದ್ದ ಕಾಕಿಯ ಕೈ ನಿಂತಿತು.

"ಉಣ್ಣೂಕಿಂತ ಮೊದ್ಲ ಹಸಿವಿ ಎಷ್ಟೈತಿ ಅಂತ ಹೆಂಗ ಗೊತ್ತಾತು ನಿನಗ? ಸುಮ್ನ ಉಣ್ಣು. ಸಾಕಾದಾಗ ತಾಟಿನ ಮ್ಯಾಲ ಕೈ ಅಡ್ಡ ಹಿಡಿ."

ಆ ಮನೆಯಲ್ಲಿ ಯಾರನ್ನೂ ಎಷ್ಟು ಬೇಕೆಂದು ಕೇಳುತ್ತಿರಲಿಲ್ಲ. ಕೇಳಿದರೆ ಉಣ್ಣುವವರಿಗೆ ಅವಮಾನ. ಕೈ ಅಡ್ಡ ಬರುವವರೆಗೆ ಬಿಸಿ ರೊಟ್ಟಿ ಬೀಳುತ್ತಲೇ ಇರುತ್ತಿತ್ತು. ಅಂದು ನಾನು ನಾಲ್ಕು ತಿಂದೆ.

ಕಾಲೇಜಿನಲ್ಲಿ ಮಾತ್ರ ನನ್ನ ಪ್ರೋಗ್ರಾಮುಗಳೆಲ್ಲ ಮೊದಲು "ಎಷ್ಟು ಸಂಖ್ಯೆ?" ಎಂದೇ ಕೇಳುತ್ತಿದ್ದವು. ಎಷ್ಟೆಂದು ಮೊದಲೇ ಗೊತ್ತಿಲ್ಲದಿದ್ದರೆ ಓದುವುದು ಹೇಗೆಂದು ಸರ್ ಕೇಳಿದಾಗ ಬೆಬ್ಬೆಬ್ಬೆ ಎಂದೆ. ಆಮೇಲೊಂದು ದಿನ ಊಟಕ್ಕೆ ಕೂತಾಗ ತಟ್ಟನೆ ಹೊಳೆಯಿತು. ಅಯ್ಯೋ, ಮೊದಲೇ ಎಣಿಸುವುದು ಯಾಕೆ? ಸಂಖ್ಯೆ ಸಿಕ್ಕಿತೋ ಇಲ್ಲವೋ ಎಂದು, ಸಂಖ್ಯೆ ಓದುವ ಸ್ಕ್ಯಾನ್‌ಎಫ್ ಆಜ್ಞೆ ಪ್ರತಿ ಸಲವೂ ತಾನೇ ಹೇಳುತ್ತದೆ. ಸಿಗುವಷ್ಟು ಹೊತ್ತು ತೆಗೆದುಕೊಳ್ಳುತ್ತ ಹೋಗುವುದು, ಸಂಖ್ಯೆಯಲ್ಲದ್ದು ಬಂದಾಗ ನಿಲ್ಲುವುದು. ಎಂಜಲ ಕೈಯಲ್ಲೇ ನೋಟ್‌ಬುಕ್ ತೆರೆದು ಕಾಕಿಯಿಂದ ಬೈಸಿಕೊಂಡೆ.

ಈಗ ಗೋಕಾಕದ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದು, ಕಲಿಸಲು ದಿನಾ ಹುಕ್ಕೇರಿಗೆ ಓಡಾಡುತ್ತೇನೆ. ಖಾನಾವಳಿಯಿಂದ ಎರಡು ರೊಟ್ಟಿ ಕಟ್ಟಿಸಿಕೊಂಡು ಬಂದು, ಮೊಬೈಲ್ ನೋಡುತ್ತ ತಿನ್ನುತ್ತೇನೆ. ಮೂರನೆಯದನ್ನು ತಾಟಿಗೆ ಹಾಕುವವರಿಲ್ಲ. ಸುಳ್ಳೇಕೆ ಹೇಳಲಿ, ಬಹಳ ಬೇಸರವಾಗುತ್ತದೆ. ಕಾಕಿ ಫೋನಿನಲ್ಲಿ "ಯಾವಾಗ ಬರ್ತಿ?" ಎಂದಾಗಲೆಲ್ಲ "ರಜಾ ಎಷ್ಟ ಸಿಗತಾವ ನೋಡಿ ಹೇಳ್ತೇನಿ" ಎಂದು ಜಾರಿಕೊಂಡೆ. ಹಾಗೆನ್ನುತ್ತಲೇ ನಾಲ್ಕು ವರ್ಷ ಹೋದವು. ಮೂಡಲಗಿಯೇನು ದಿಲ್ಲಿಯೇ? ಗೋಕಾಕದಿಂದ ಅರಭಾವಿ ದಾಟಿದರೆ ಬಂತು. ಈಚೆಗೆ ಕಾಕಿಯೂ ಕೇಳುವುದನ್ನು ಬಿಟ್ಟಿದ್ದಳು. ನನ್ನದೆನ್ನಲು ಇದ್ದ ಒಂದು ಮನೆಯನ್ನೂ ಕಳೆದುಕೊಂಡೆನೇನೋ ಎಂಬ ಹೆದರಿಕೆ ಹತ್ತಿತ್ತು.

ಅಂದು ಆ ಹುಡುಗಿಗೆ "ಸಾಕನ್ನೂತನಕ ಕೊಡು" ಎಂದು ಹೇಳಿ, ಲ್ಯಾಬು ಮುಗಿಸಿ ಗೋಕಾಕದಲ್ಲಿ ಬಸ್ಸಿಳಿದವಳು ಖೋಲಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ನಿಂತು ಫೋನು ಹಚ್ಚಿದೆ.

"ಕಾಕಿ, ಇವತ್ತ ಊಟಕ್ಕ ಬರಲೇನು?"



"ಈ ಮನಿಗೆ ಬರಾಕ ಕೇಳೂವಷ್ಟ ದೂರದಾಕಿ ಆದೇನ, ತಂಗಿ?"

ಮೂಡಲಗಿ ಬಸ್ಸು ಬಂದಿತ್ತು. ಫೋನು ಕಿವಿಯಲ್ಲಿ ಹಿಡಿದೇ ನುಗ್ಗಿ ಹತ್ತಿದೆ. "ಬಸ್ಸಿನ್ಯಾಗ ಅದೇನಿ, ಕಾಕಿ" ಎಂದೆ. ಆಮೇಲೆ, ಯಾರು ಬೇಕಾದರೂ ನೋಡಲಿ ಎಂದು, ನಿಂತಲ್ಲೇ ಅತ್ತುಬಿಟ್ಟೆ.